ನ್ಯೂಟನ್ ಎರಡು ಸಲ ಹುಟ್ಟಿದ, ಬಾವುಟಗುಡ್ಡ ಮಾತ್ರ ಇಲ್ಲ: ಒಂದು ಕ್ಯಾಲೆಂಡರಿನ ಜೊತೆ ಒಂದು ವರ್ಷ

ಉಡುಪಿಯ ಕಡಿಯಾಳಿಯಲ್ಲಿ ನನ್ನದೊಂದು ಕಟಿಂಗ್ ಶಾಪ್. ಮೂರು ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಕಳೆದ ಡಿಸೆಂಬರ್‌ನಲ್ಲಿ ರಥಬೀದಿ ಹತ್ತಿರದ ಅಂಗಡಿಯಿಂದ 180 ರೂಪಾಯಿ ಕೊಟ್ಟು, ದಿನಕ್ಕೊಂದು ಹಾಳೆ ಹರಿದು ತೆಗೆಯುವ 2025ರ ಕ್ಯಾಲೆಂಡರ್ ತಂದೆ. ಮೇಲೆ ಕೆಂಪು ಅಂಕಿ, ಕೆಳಗೆ ಚರಿತ್ರೆಯಲ್ಲಿ ಆ ದಿನ ಏನಾಯ್ತು ಅಂತ ನಾಲ್ಕೈದು ಸಾಲು, ಅದರ ಕೆಳಗೆ ಇರುವೆ ಸಾಲಿನ ಹಾಗೆ ತಿಥಿ, ನಕ್ಷತ್ರ. ಮಂಗಳೂರಲ್ಲೇ ಅಚ್ಚಾದದ್ದು. ಪ್ರಕಾಶಕರ ಹೆಸರು ಬೇಡ, ದೂರು ಸ್ವಲ್ಪ ಜಾಸ್ತಿಯೇ ಇದೆ.

ಮೊದಲು ಬೆಂಚಿನ ಮೇಲಿನ ಗೋಡೆಗೆ, ಕನ್ನಡಿಗೆ ಎದುರಾಗಿ ಹಾಕಿದೆ. ತಪ್ಪಾಯಿತು. ಕುರ್ಚಿಯಲ್ಲಿ ಕೂತವರಿಗೆ ಕನ್ನಡಿಯಲ್ಲಿ ಅಕ್ಷರ ಉಲ್ಟಾ ಕಾಣುತ್ತದೆ. ಓದಬೇಕೆಂದು ಕತ್ತು ತಿರುಗಿಸುತ್ತಾರೆ, ನನ್ನ ಕೈಯಲ್ಲಿ ರೇಜರ್! ಮೂರನೇ ದಿನಕ್ಕೇ ಕನ್ನಡಿಯ ಪಕ್ಕಕ್ಕೆ ತಂದು ಮೊಳೆ ಹೊಡೆದೆ.

ಹರಿದ ಹಾಳೆ ಬಿಸಾಡುವುದಿಲ್ಲ. ಶೇವಿಂಗ್ ನೊರೆ ಒರೆಸಲು ಹೇಳಿ ಮಾಡಿಸಿದ ಅಳತೆ. ಎಷ್ಟೋ ರಾಜರ ಪಟ್ಟಾಭಿಷೇಕ ಹೀಗೆ ನೊರೆಯಲ್ಲಿ ಹೋಗಿದೆ. ಮಾತಿಗೆ ಬರುವ ಹಾಳೆ ಕಂಡರೆ ಮಾತ್ರ ಡ್ರಾಯರ್‌ಗೆ ಹಾಕುತ್ತೇನೆ.

ಮಾತಿಗಂತೂ ಈ ಕ್ಯಾಲೆಂಡರ್ ಮೋಸ ಮಾಡಲಿಲ್ಲ. ಜುಲೈ 19, ಶನಿವಾರ. ಹಾಳೆಯಲ್ಲಿ 1969ರ ಬ್ಯಾಂಕ್ ರಾಷ್ಟ್ರೀಕರಣ, 14 ಬ್ಯಾಂಕ್ ಅಂತ ಒಂದೇ ಸಾಲು. ಮಣಿಪಾಲದಲ್ಲಿ ಬ್ಯಾಂಕ್ ಕೆಲಸ ಮಾಡಿ ರಿಟೈರ್ ಆದ ಹಿರಿಯರೊಬ್ಬರು ಕೂತಿದ್ದರು. "ಅವತ್ತೂ ಶನಿವಾರವೇ" ಅಂದರು. ರಾತ್ರಿ ರೇಡಿಯೋದಲ್ಲಿ ಇಂದಿರಾ ಗಾಂಧಿ ಮಾತಾಡಿದ್ದು, ಬೆಳಗಾಗುವುದರೊಳಗೆ ತಾವೆಲ್ಲ ಸರ್ಕಾರಿ ಬ್ಯಾಂಕಿನವರಾದದ್ದು, ಎಲ್ಲ ಹೇಳಿದರು. ಆ 14ರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಟ್ಟಿದವು. ಕ್ಯಾಲೆಂಡರಿನಲ್ಲಿ ಅದಿಲ್ಲ. ಈಗ ಸಿಂಡಿಕೇಟ್ ಹೆಸರೂ ಇಲ್ಲ, 2020ರ ಏಪ್ರಿಲ್ 1ಕ್ಕೆ ಕೆನರಾದ ಹೊಟ್ಟೆಯೊಳಗೆ ಹೋಯಿತು. ಇದನ್ನು ಹೇಳುವಾಗ ಅವರ ಗಲ್ಲದ ಮೇಲೆ ಅರ್ಧ ನೊರೆ ಹಾಗೇ ಒಣಗಿತ್ತು.

ಮರುದಿನ ಭಾನುವಾರ, ಬೆಂಚು ಫುಲ್. ಜುಲೈ 20ರ ಹಾಳೆಯಲ್ಲಿ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದಿನ ಅಂತ ಇತ್ತು. ಮೊಮ್ಮಗನಿಗೆ ಕಟಿಂಗ್ ಮಾಡಿಸಲು ಅದೇ ಹಿರಿಯರು ಮತ್ತೆ ಬಂದಿದ್ದರು. "ಸುಳ್ಳು. ನಾವು ಕೇಳಿದ್ದು ಸೋಮವಾರ ಬೆಳಿಗ್ಗೆ, ಆಫೀಸಿಗೆ ಹೊರಡುವಾಗ." ಮಣಿಪಾಲದ ಹುಡುಗನೊಬ್ಬ ಮೊಬೈಲ್ ತೆಗೆದು ಲೆಕ್ಕ ಹಾಕಿದ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಅಮೆರಿಕದಲ್ಲಿ 20ರ ರಾತ್ರಿ, ನಮ್ಮಲ್ಲಿ 21ರ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತಾರು ನಿಮಿಷ. ಇಬ್ಬರೂ ಸರಿ! ಇಂಥ ಕಡೆ ಹಾಳೆಯಲ್ಲಿ ಒಂದು ಸಾಲು ಬಿಡಿಸಿ ಬರೆದಿದ್ದರೆ ಏನಾಗುತ್ತಿತ್ತು?

ನ್ಯೂಟನ್ ಕಥೆ ಇನ್ನೂ ಚಂದ. ಜನವರಿ 4ಕ್ಕೆ ಒಮ್ಮೆ ಹುಟ್ಟಿದ, 1643ರಲ್ಲಿ. ಮೊನ್ನೆ ಡಿಸೆಂಬರ್ 25ಕ್ಕೆ ಮತ್ತೆ ಹುಟ್ಟಿದ, ಈ ಸಲ 1642ರಲ್ಲಿ. ಜನವರಿಯ ಹಾಳೆ ಡ್ರಾಯರ್‌ನಲ್ಲಿತ್ತು, ತೆಗೆದು ಪಕ್ಕದಲ್ಲಿಟ್ಟೆ. ಅಚ್ಚಿನ ತಪ್ಪು ಅಂದುಕೊಂಡೆ. ಲೆಕ್ಚರರ್ ಒಬ್ಬರು ಬಿಡಿಸಿ ಹೇಳಿದರು: ಆಗ ಇಂಗ್ಲೆಂಡಿನಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್, ಹೊಸದಕ್ಕಿಂತ 10 ದಿನ ಹಿಂದೆ. ಅಲ್ಲಿನವರ ಲೆಕ್ಕಕ್ಕೆ ಕ್ರಿಸ್‌ಮಸ್ ದಿನ, ಹೊಸ ಲೆಕ್ಕಕ್ಕೆ ಜನವರಿ 4. ಕೊನೆಗೆ 1752ರಲ್ಲಿ ಅವರೂ ಬದಲಾದರು. ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಎದ್ದದ್ದು 14ಕ್ಕೆ, 11 ದಿನ ಮಾಯ. ಬೆಂಚಿನಲ್ಲಿದ್ದವರೊಬ್ಬರು "ಆ 11 ದಿನದ ಅಂಗಡಿ ಬಾಡಿಗೆ?" ಅಂತ ಕೇಳಿದರು. ಅವರದ್ದೂ ಬಾಡಿಗೆ ಅಂಗಡಿಯೇ.

ಇನ್ನು ದೂರು. ಕರಾವಳಿಯ ಮಳೆ ಇವರಿಗೆ ಗೊತ್ತಿಲ್ಲವೋ ಏನೋ. ಜೂನ್‌ಗೆ ಪಿನ್ನು ತುಕ್ಕು ಹಿಡಿಯಿತು, ಹಾಳೆಗಳು ನೆನೆದ ಹಪ್ಪಳದ ಹಾಗೆ ಮೆತ್ತಗಾದವು. ಮಂಗಳವಾರ ನಮಗೆ ರಜೆ, ಬುಧವಾರ ಎರಡು ಹಾಳೆ ಒಟ್ಟಿಗೆ ಹರಿಯಬೇಕು. ಜೂನ್ 30 ಮತ್ತು ಜುಲೈ 1 ಅಂಟಿಕೊಂಡೇ ಬಂದವು. ನೊರೆ ಒರೆಸಿದ ಮೇಲೆ ನೋಡುತ್ತೇನೆ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಸುದ್ದಿ! ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ ಕಲ್ಲಚ್ಚಿನಲ್ಲಿ ತಂದ ಪೇಪರ್. ನನ್ನ ಕೈಯಲ್ಲಿ ಅದಕ್ಕೆ ಈ ಗತಿ. ಆ ಹಾಳೆ ತೊಳೆಯಲು ಹೋಗಿ ಪೂರ್ತಿ ಹರಿಯಿತು.

ಮೇ 22ರ ಹಾಳೆಯಲ್ಲಿ 2010ರ ಬಜ್ಪೆ ವಿಮಾನ ದುರಂತ, 158 ಜನ, ಅಷ್ಟೇ ಇತ್ತು. ಅದು ಸಾಕು. ಅವತ್ತು ಯಾರೂ ಮಾತು ಬೆಳೆಸಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಏಪ್ರಿಲ್ 5ಕ್ಕೆ. ಕಡಲಯಾನ ದಿನ, 1919ರಲ್ಲಿ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್‌ಗೆ ಹೊರಟದ್ದು, ಗಾಂಧೀಜಿ ದಂಡಿ ತಲುಪಿದ್ದು, ಎಲ್ಲ ಇದೆ. 1837ರಲ್ಲಿ ಅದೇ ದಿನ ಸುಳ್ಯ ಕಡೆಯ ರೈತರು ಮಂಗಳೂರಿಗೆ ನುಗ್ಗಿ, ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದು ಹಾರಿಸಿದ್ದು ಇಲ್ಲ. 13 ದಿನ ಊರು ಅವರ ಕೈಯಲ್ಲಿತ್ತು. ಗುಡ್ಡಕ್ಕೆ ಆ ಹೆಸರು ಬಂದದ್ದೇ ಅದರಿಂದ ಅನ್ನುತ್ತಾರೆ. ಮಂಗಳೂರಲ್ಲೇ ಅಚ್ಚು ಹಾಕುವವರಿಗೆ ಇದು ನೆನಪಾಗಬೇಕಿತ್ತು ಅಲ್ವಾ? ಉಡುಪಿ ಕೃಷ್ಣಮಠದ ಪೂಜೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಕೈ ಬದಲಾಗುವ ಪರ್ಯಾಯದ ಮಾತೂ ಜನವರಿ 18ರ ಹಾಳೆಯಲ್ಲಿ ಇರಲಿಲ್ಲ. ಎಲ್ಲಿಂದಲೋ ಪಟ್ಟಿ ಎತ್ತಿ ಸುಮ್ನೆ ಅನುವಾದ ಮಾಡಿದ ಹಾಗಿದೆ.

5ಕ್ಕೆ 3 ಕೊಡುತ್ತೇನೆ. ಬೆಂಚಿನಲ್ಲಿ ಮೊಬೈಲ್ ನೋಡುವುದು ಕಡಿಮೆಯಾಯಿತಲ್ಲ, ಅದಕ್ಕೆ ಒಂದು ಪೂರ್ತಿ ಅಂಕ. ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ನೀವೇ ಹಾಕಿಕೊಳ್ಳಿ.

2026ರದ್ದೂ ತಂದಾಯಿತು, 200 ಮಾಡಿದ್ದಾರೆ. ಅಂಗಡಿಯಲ್ಲೇ ನಿಂತು ಏಪ್ರಿಲ್ 5 ತೆಗೆದು ನೋಡಿದೆ. ಅದೇ ಲಾಯಲ್ಟಿ ಹಡಗು. ಮನೆಗೆ ಬಂದು ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಬಾವುಟಗುಡ್ಡ, 1837 ಅಂತ ದೊಡ್ಡದಾಗಿ ಬರೆದಿದ್ದೇನೆ. ಈ ಸಲ ಅದು ಭಾನುವಾರ ಬರುತ್ತದೆ, ಬೆಂಚು ಫುಲ್ ಇರುತ್ತದೆ.