ಹಳೇ ಬೇಸ್ ಸೆಟ್ ರಿಪೀಟರ್ ಮಾಡಿ ಕೊಡ್ತೀನಿ ಅಂದ್ರ ನಂಬಬ್ಯಾಡ್ರಿ, ನಾನು ನಂಬಿ ಕೆಟ್ಟೀನಿ

ಕಲಬುರಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ, ಬೀದರ್ ಯಾದಗಿರಿಯವ್ರೂ ಓದ್ರಿ. ಹೇಳ್ಕೊಳ್ಳಲಿಕ್ಕ ನಾಚಿಕಿ ಆಗ್ತದ, ಆದ್ರೂ ಬರೀತೀನಿ, ಯಾಕಂದ್ರ ಆ ಮನಷ್ಯಾ ಇನ್ನೂ ಸೆಟ್ ಮಾರ್ಲಿಕತ್ತಾನ.

ನಾವು ಐದು ಮಂದಿ ಪಟ್ಟಿ ಹಾಕಿ 22 ಸಾವಿರ ಕೂಡಿಸಿದ್ವಿ. ಹ್ಯಾಂಡಿಯಿಂದ (ಕೈಯಾಗ ಹಿಡಿಯೋ ರೇಡಿಯೋ ಸೆಟ್) ಹ್ಯಾಂಡಿಗೆ ಊರಾಗ ಈ ಕಡೆಯಿಂದ ಆ ಕಡೆಗೆ ದನಿ ಮುಟ್ಟಂಗಿಲ್ಲ, ಅದಕ್ಕ ನಾವು ಮಾತಾಡೋ 2 ಮೀಟರ್ ರೇಡಿಯೋ ಬ್ಯಾಂಡಿಗೆ ಒಂದು ರಿಪೀಟರ್ ಬೇಕಿತ್ತು, ಅಂದ್ರ ದನಿ ಹಿಡಿದು ಜೋರಾಗಿ ಮುಂದಕ್ಕ ಕಳಸೋ ಸೆಟ್. ಇವ ಗುಜರಿಯಿಂದ ತಂದ ಹಳೇ ವಿಎಚ್‌ಎಫ್ ಬೇಸ್ (ಒಂದೇ ಕಡೆ ಇಟ್ಟು ಮಾತಾಡೋ ರೇಡಿಯೋ ಸೆಟ್) ತೋರ್ಸಿ "ಅಣ್ಣಾ, ಕಂಟ್ರೋಲರ್ ಹಾಕೀನಿ, ಡುಪ್ಲೆಕ್ಸರ್ ಹಾಕೀನಿ, ಒಯ್ದು ಆಂಟೆನಾ ಹಚ್ಚೋದೇ" ಅಂದ. ಡುಪ್ಲೆಕ್ಸರ್ ಅಂದ್ರ ಒಂದೇ ಆಂಟೆನಾದಾಗ ಕೇಳೋದು ಕಳಸೋದು ಎರಡೂ ಒಟ್ಟಿಗೆ ಆಗೋಹಂಗ ಮಾಡೋ ಫಿಲ್ಟರ್.

ಡೆಮೋನೂ ಕೊಟ್ಟ. ಹ್ಯಾಂಡಿ ಅವನೇ ಸೆಟ್ ಮಾಡಿ ಕೈಗೆ ಕೊಟ್ಟ. ನಾನು ಹಲೋ ಹಲೋ ಅಂದು ಪಿಟಿಟಿ (ಮಾತಾಡುವಾಗ ಒತ್ತೋ ಗುಂಡಿ) ಬಿಟ್ಟೆ, ಒಂದು ಕ್ಷಣ ತಡೆದು ನನ್ನ ದನಿ ನನಗೇ ತಿರುಗಿ ಬಂತು. ಖುಷಿಯಾಗಿ ನಕ್ಕೆನ್ರೀ! ಆ ನಗು ನೆನಸ್ಕೊಂಡ್ರ ಈಗ ಮೈ ಉರೀತದ. ಯಾಕ ತಡಾ ಆಗ್ತದ ಅಂತ ಕೇಳೀನಿ ಮತ್ತ, ಕೇಳಿಲ್ಲ ಅಂತಲ್ಲ. ಅವ ಏನಂದ ಗೊತ್ತಾ? "ರಿಪೀಟರ್ ಅಂದ್ರ ರಿಪೀಟ್ ಮಾಡೋದೇ ಅಲ್ಲೇನ್ ಅಣ್ಣಾ." ನಾನು ಹೌದು ಹೌದು ಅಂದೆ. ಹ್ಯಾಮ್ ಪರೀಕ್ಷಾ ಪಾಸಾಗಿ ಕಾಲ್‌ಸೈನ್ (ರೇಡಿಯೋ ಮ್ಯಾಲಿನ ಗುರುತು) ತಗೊಂಡವ ನಾನು, ಹೌದು ಅಂದೆ.

ಮನಿಗೆ ತಂದು ಮುಚ್ಚಳ ಬಿಚ್ಚಿದೆ. ಪಿಟಿಟಿ ಒತ್ತಿದ್ರ ಒಳಗ ರಿಲೇ ಟಕ್ ಅಂತದ, ಆಂಟೆನಾ ಹಚ್ಚೋ ಜಾಗ ಟ್ರಾನ್ಸ್‌ಮಿಟರ್ ಕಡೆ ಹೋಗ್ತದ, ರಿಸೀವರ್ ಕಿವುಡಾಗ್ತದ. ರಿಪೀಟರ್ ಆಗಬೇಕಂದ್ರ ಒಂದು ಕಡೆ ಕೇಳ್ತಾ ಇನ್ನೊಂದು ಕಡೆ ಅದೇ ಹೊತ್ತಿಗೆ ಕಳಸಬೇಕಲ್ರಿ, 600 ಕಿಲೋಹರ್ಟ್ಜ್ ಅಂತರದಾಗ. ಇದು ಬರೀ ಗಿಳಿ, ನಾವು ಮಾತಾಡಿದ್ದು ಚಿಪ್ಪಿನಾಗ ರೆಕಾರ್ಡ್ ಮಾಡ್ಕೊಂಡು ಅದೇ ಫ್ರೀಕ್ವೆನ್ಸಿ ಮ್ಯಾಲ ವಾಪಸ್ ಒದರ್ತದ. ಇನ್ನ ಆ ಡುಪ್ಲೆಕ್ಸರ್! ಅಂಗೈಯಷ್ಟು ಚಪ್ಪಟೆ ಡಬ್ಬಿ, ನಾಲ್ಕು ಸ್ಕ್ರೂ ಹಾಕಿ ಕೂಡಿಸ್ಯಾನ, ಕೇಬಲ್ ಒಂದೂ ಇಲ್ಲ. ಇದ್ರೂ ಉಪಯೋಗಿಲ್ಲ ಬಿಡ್ರಿ, 2 ಮೀಟರಿಗೆ ಅಷ್ಟು ಕಡಿಮಿ ಅಂತರಕ್ಕ ಅರ್ಧ ಮೀಟರ್ ಎತ್ತರದ ಕ್ಯಾವಿಟಿ (ಡಬ್ಬಿಯಂಥ ಫಿಲ್ಟರ್) ಸಾಲಾಗಿ ಬೇಕಾಗ್ತಾವ.

ಫೋನ್ ಮಾಡಿದೆ. ಮೊದಲು "ನಿಮ್ಮ ಆಂಟೆನಾ ಸರಿ ಇಲ್ಲ." ಆಂಟೆನಾ ಇನ್ನೂ ಹಚ್ಚೇ ಇಲ್ಲೋ ಮಾರಾಯ ಅಂದೆ. ಆಮ್ಯಾಲ "ಬಿಸಿಲಿಗೆ ಹಂಗಾಗ್ತದ, ರಾತ್ರಿ ನೋಡ್ರಿ." ಮೂರನೇ ಸಲ ಫೋಟೋ ಕಳಿಸಿದ್ಮ್ಯಾಲ ವಾಯ್ಸ್ ಮೆಸೇಜ್ ಬಂತು, "ಲೈಸೆನ್ಸ್ ಇದ್ದವ್ರಿಗೆ ಇಷ್ಟೂ ತಿಳೀಬೇಕಲ್ಲಣ್ಣಾ." ಬ್ಲಾಕ್ ಮಾಡ್ಯಾನ. ರೊಕ್ಕಕ್ಕಿಂತ ಆ ಮಾತೇ ಚುಚ್ಚಿದ್ದು, ಸುಳ್ಳಲ್ಲ ನೋಡ್ರಿ ಅದಕ್ಕ.

ತಗೊಳ್ಳೋದೇ ಇದ್ರ ನಿಮ್ಮವೇ ಎರಡು ಹ್ಯಾಂಡಿ ಒಯ್ರಿ, ನೀವೇ ಫ್ರೀಕ್ವೆನ್ಸಿ ಹಾಕ್ರಿ, ಮಾತಾಡೋದಕ್ಕ ರಿಪೀಟರ್ ಕೇಳೋ ಫ್ರೀಕ್ವೆನ್ಸಿ, ಕೇಳೋದಕ್ಕ ಅದು ಕಳಸೋ ಫ್ರೀಕ್ವೆನ್ಸಿ. ಒಂದರಾಗ ಮಾತಾಡ್ತಿದ್ದಾಗಲೇ ಇನ್ನೊಂದರಾಗ ಕೇಳಬೇಕು. ಪಿಟಿಟಿ ಬಿಟ್ಟ ಮ್ಯಾಲ ಕೇಳಿಸ್ತಂದ್ರ ಎದ್ದು ಬರ್ರಿ, ಚಾ ಸುದ್ದಾ ಕುಡೀಬ್ಯಾಡ್ರಿ. ನಾನು ಕುಡಿದೀನಿ, ಎರಡು ಸಲ.

ಉಳಿದ ನಾಲ್ಕು ಮಂದಿ ರೊಕ್ಕ ನಾನೇ ತಿರುಗಿ ಕೊಡ್ಲಿಕತ್ತೀನಿ. ಇಬ್ಬರದು ಮುಗಿದದ.