ಆರಂಭಿಕರ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ಧ್ವನಿಪಾಠ: ಒಂದು ವಿಮರ್ಶೆ

ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ತೀರ್ಪು ನೀಡದೆ ಗಮನಿಸುವ ಧ್ಯಾನದ ಗಂಧಗಾಳಿಯಿಲ್ಲದವರೂ ಮನೆಯಲ್ಲೇ ಕಲಿಯಲೆಂದು ರೂಪಿಸಿದ ಎಂಟು ವಾರಗಳ ಧ್ವನಿಪಾಠವೊಂದನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದರ ಚೌಕಟ್ಟು 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಒತ್ತಡ ಶಮನ ಕಾರ್ಯಕ್ರಮದ್ದು. ಅದನ್ನು ಇಂದು ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಆಧಾರಿತ ಒತ್ತಡ ಶಮನ) ಎಂದು ಕರೆಯುತ್ತಾರೆ. ಮೂಲ ಕಾರ್ಯಕ್ರಮದಲ್ಲಿ ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ನಡುವೆ ಒಂದು ಇಡೀ ದಿನದ ಮೌನಾಭ್ಯಾಸ, ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷಗಳ ಸಾಧನೆ ಇರುತ್ತವೆ. ಧ್ವನಿಪಾಠವು ಅಭ್ಯಾಸಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡಿದೆ. ಇಲ್ಲಿ ಇಲ್ಲದಿರುವುದು ಎದುರಿಗೆ ಕುಳಿತು ಸಂದೇಹ ಬಗೆಹರಿಸುವ ಶಿಕ್ಷಕರು. ಆ ಕೊರತೆಯನ್ನು ಒಂದು ಧ್ವನಿ ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬ ಪ್ರಶ್ನೆಯನ್ನಿಟ್ಟುಕೊಂಡೇ ನಾನು ಇದನ್ನು ಅಳೆದಿದ್ದೇನೆ.

ಮೊದಲ ಎರಡು ವಾರಗಳ ದೇಹಾವಲೋಕನ, ಅಂದರೆ ಬಾಡಿ ಸ್ಕ್ಯಾನ್, ಈ ಕೋರ್ಸಿನ ಅತ್ಯುತ್ತಮ ಭಾಗ. ಅಂಗಾತ ಮಲಗಿ, ಎಡಗಾಲಿನ ಬೆರಳುಗಳಿಂದ ತೊಡಗಿ ನೆತ್ತಿಯವರೆಗೆ ಗಮನವನ್ನು ಅಂಗದಿಂದ ಅಂಗಕ್ಕೆ ಒಯ್ಯುವುದಷ್ಟೇ ಇಲ್ಲಿನ ಕೆಲಸ. ಆದರೆ ಧ್ವನಿ ಎಲ್ಲಿಯೂ ‘ಸಡಿಲವಾಗಿ, ಶಾಂತರಾಗಿ’ ಎಂದು ಒತ್ತಾಯಿಸುವುದಿಲ್ಲ. ಮಂಡಿಯಲ್ಲಿ ಬಿಗಿತವಿದ್ದರೆ ಆ ಬಿಗಿತವನ್ನು ಗಮನಿಸಿ, ಏನೂ ತಿಳಿಯದಿದ್ದರೆ ಏನೂ ತಿಳಿಯುತ್ತಿಲ್ಲ ಎಂಬುದನ್ನೇ ಗಮನಿಸಿ ಎನ್ನುತ್ತದೆ. ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂಬ ಕಲ್ಪನೆಯೊಂದಿಗೆ ಬಂದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮನಸ್ಸು ನಾಳಿನ ಕೆಲಸದ ಕಡೆಗೆ ಓಡಿದ್ದು ಅರಿವಿಗೆ ಬಂದ ಕ್ಷಣವೇ ಅಭ್ಯಾಸದ ತಿರುಳು, ಅಲ್ಲಿಂದ ಬೈದುಕೊಳ್ಳದೆ ಮರಳಿ ಬರುವುದೇ ಸಾಧನೆ ಎಂಬ ಮಾತನ್ನು ಪಾಠ ಎಷ್ಟು ಸಹಜವಾಗಿ, ಎಷ್ಟು ಸರಿಯಾದ ಸಮಯಕ್ಕೆ ಹೇಳುತ್ತದೆಂದರೆ, ‘ನನ್ನಿಂದ ಇದು ಸಾಧ್ಯವಿಲ್ಲ’ ಎಂದು ಕೇಳುಗರು ಎದ್ದುಬಿಡುವ ಹೊತ್ತಿಗೇ ಅದು ಕಿವಿಗೆ ಬೀಳುತ್ತದೆ. ನಿದ್ದೆ ಬರುವವರು ಕಣ್ಣು ತೆರೆದಿಟ್ಟುಕೊಳ್ಳಬಹುದು ಅಥವಾ ಎದ್ದು ಕುಳಿತು ಮುಂದುವರಿಸಬಹುದು ಎಂಬ ಸೂಚನೆಯೂ ಇದೆ.

ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿಯುವ ಪ್ರಸಿದ್ಧ ಅಭ್ಯಾಸವೂ, ಮೂರನೆಯ ವಾರದ ಸರಳ ಯೋಗಾಸನಗಳೂ ಚೊಕ್ಕವಾಗಿವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಕುಳಿತು ಮಾಡುವ ಉಸಿರಿನ ಧ್ಯಾನಕ್ಕೆ ಬಂದಾಗ ಶಿಕ್ಷಕರ ಗೈರುಹಾಜರಿ ಎದ್ದು ಕಾಣುತ್ತದೆ. ಉಸಿರನ್ನು ಬದಲಿಸದೆ, ಅದು ಇರುವಂತೆಯೇ ಗಮನಿಸಿ ಎಂದು ಧ್ವನಿ ಹೇಳುತ್ತದೆ. ಗಮನಿಸಲು ತೊಡಗಿದೊಡನೆ ಉಸಿರಾಟ ತನ್ನ ಸಹಜ ಲಯವನ್ನು ಬಿಟ್ಟು ನಮ್ಮ ಹಿಡಿತಕ್ಕೆ ಸಿಕ್ಕಿಬಿಡುವುದು ಹೊಸಬರಿಗೆ ತೀರಾ ಸಾಮಾನ್ಯವಾದ ತೊಡಕು. ಕೆಲವರಿಗೆ ಇದರಿಂದ ಎದೆ ಬಿಗಿದಂತೆಯೂ ಆಗುತ್ತದೆ. ಗಮನವನ್ನು ಮೂಗಿನಿಂದ ಹೊಟ್ಟೆಯ ಏರಿಳಿತಕ್ಕೆ ಒಯ್ದರೆ, ಅಥವಾ ಸ್ವಲ್ಪ ಹೊತ್ತು ಉಸಿರನ್ನು ಬಿಟ್ಟು ಅಂಗೈಗಳ ಸ್ಪರ್ಶವನ್ನೋ ಸುತ್ತಲಿನ ಶಬ್ದಗಳನ್ನೋ ಗಮನಿಸಿದರೆ ಈ ಬಿಗಿತ ಬಹಳಷ್ಟು ಕರಗುತ್ತದೆ. ಅನುಭವಿ ಶಿಕ್ಷಕರು ಮೊದಲ ತರಗತಿಯಲ್ಲೇ ಹೇಳುವ ಈ ಮಾತು ಧ್ವನಿಪಾಠದಲ್ಲಿ ಐದನೆಯ ವಾರದವರೆಗೂ ಸುಳಿಯುವುದಿಲ್ಲ. ಆಸನದ ವಿಷಯದಲ್ಲಿ ಮಾತ್ರ ಪಾಠ ಉದಾರವಾಗಿದೆ: ಪದ್ಮಾಸನವೇ ಬೇಕೆಂದಿಲ್ಲ, ಪಾದಗಳು ನೆಲಕ್ಕೆ ತಾಗುವಂತೆ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕುಳಿತರೆ ಸಾಕು ಎನ್ನುತ್ತದೆ.

ಕೋರ್ಸಿನ ಪೀಠಿಕೆಯ ಬಗ್ಗೆ ನನಗೆ ಗಂಭೀರ ತಕರಾರಿದೆ. ಆತಂಕ, ಖಿನ್ನತೆ, ನಿದ್ರಾಹೀನತೆ ಎಲ್ಲವೂ ಇದರಿಂದ ಮಾಯವಾಗುತ್ತವೆ ಎಂಬ ಧಾಟಿ ಅಲ್ಲಿದೆ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಅಧ್ಯಯನವು ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆಯನ್ನು ಕಂಡಿತು. ಆದರೆ ವ್ಯಾಯಾಮ, ಔಷಧಿಯಂಥ ಇತರ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ. ಆತಂಕದ ಕಾಯಿಲೆಗಳಿರುವವರ ಮೇಲೆ ನಡೆದ ಪ್ರಯೋಗವೊಂದರ 2022ರ ವರದಿಯಲ್ಲಿ ಎಂಬಿಎಸ್‌ಆರ್, ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆಗಿಂತ ಕಡಿಮೆಯಿಲ್ಲದ ಪರಿಣಾಮ ತೋರಿತು. ಆ ತರಗತಿಗಳನ್ನು ನಡೆಸಿದವರು ತರಬೇತಾದ ಶಿಕ್ಷಕರು ಎಂಬುದನ್ನು ಮರೆಯಬಾರದು. ಇಷ್ಟು ಫಲ ಕಡಿಮೆಯೇನಲ್ಲ, ಇದನ್ನು ಇದ್ದಂತೆ ಹೇಳಿದ್ದರೆ ಪಾಠದ ಗೌರವ ಹೆಚ್ಚುತ್ತಿತ್ತು. ಹಿಂದಿನ ಆಘಾತದ ನೆನಪುಗಳಿಂದ ಬಳಲುತ್ತಿರುವವರಿಗೆ ಕಣ್ಣುಮುಚ್ಚಿ ದೇಹದೊಳಗೆ ಗಮನವಿಡುವುದು ಕೆಲವೊಮ್ಮೆ ಕಳವಳವನ್ನು ಹೆಚ್ಚಿಸಬಲ್ಲದು. ಅಂಥವರು ಚಿಕಿತ್ಸಕರ ಸಲಹೆಯೊಂದಿಗೆ ತೊಡಗಬೇಕೆಂಬ ಎಚ್ಚರಿಕೆ ಇಲ್ಲಿ ಕೊನೆಗೆ ಒಂದು ಸಾಲಿನಲ್ಲಿ ಅಡಗಿದೆ. ಅದು ಇರಬೇಕಾದದ್ದು ಮೊದಲ ಪಾಠದ ಆರಂಭದಲ್ಲಿ.

ಮೌನವನ್ನು ಬಳಸಿದ ರೀತಿಗೆ ನಾನು ಪೂರ್ಣ ಮೆಚ್ಚುಗೆ ಸೂಚಿಸುತ್ತೇನೆ. ಆರಂಭದ ಪಾಠಗಳಲ್ಲಿ ಎಡೆಬಿಡದೆ ಕೈಹಿಡಿದು ನಡೆಸುವ ಧ್ವನಿ, ನಾಲ್ಕನೆಯ ವಾರದಿಂದ ಸೂಚನೆಗಳ ನಡುವಿನ ಬಿಡುವನ್ನು ಹೆಚ್ಚಿಸುತ್ತಾ ಹೋಗಿ, ಏಳನೆಯ ವಾರದಲ್ಲಿ ಮೂಲ ಕಾರ್ಯಕ್ರಮದಂತೆಯೇ ಧ್ವನಿಮುದ್ರಿಕೆಯನ್ನು ಬದಿಗಿಟ್ಟು ಸ್ವತಃ ಅಭ್ಯಾಸ ಮಾಡಲು ಹೇಳುತ್ತದೆ. ಕೇಳುಗರನ್ನು ತನ್ನ ಮೇಲೆಯೇ ಅವಲಂಬಿಸಿರುವಂತೆ ಮಾಡುವ ಧ್ಯಾನದ ಆ್ಯಪ್‌ಗಳ ನಡುವೆ ಇದೊಂದು ಪ್ರಾಮಾಣಿಕ ನಿಲುವು. ಹೊಸಬರು 45 ನಿಮಿಷಗಳ ದೇಹಾವಲೋಕನದ ಪಾಠಕ್ಕೆ ನೇರವಾಗಿ ಇಳಿಯದೆ, ಜೊತೆಯಲ್ಲೇ ಕೊಟ್ಟಿರುವ 20 ನಿಮಿಷಗಳ ಆವೃತ್ತಿಯಿಂದ ತೊಡಗುವುದು ಲೇಸು. ಅದರಲ್ಲಿ ಭುಜ ಮತ್ತು ಕುತ್ತಿಗೆಯ ಭಾಗವನ್ನು ಅವಸರದಿಂದ ಮುಗಿಸಿರುವುದರಿಂದ, ಅಲ್ಲಿ ಮುದ್ರಿಕೆಯನ್ನು ತುಸು ನಿಲ್ಲಿಸಿಕೊಂಡು ಮುಂದುವರಿಯಬೇಕಾಗುತ್ತದೆ.