ಕಡತ ಬರೆಯುವ ಟೂಲ್ ಮತ್ತು ಅದರ ಒಂದೇ ಸಾಲಿನ ವಿವರಣೆ

ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಚೀಲಗಳ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲವೂ ಹಳೆಯ ಕ್ರಮದಲ್ಲೇ ನಡೆದಿವೆ. ಮಳೆಯ ಲೆಕ್ಕವನ್ನು ಮಾತ್ರ ಈ ಜೂನ್‌ನಿಂದ ಪುಸ್ತಕದ ಜೊತೆಗೆ ಹೇಳಿದ ಕೆಲಸವನ್ನು ತಾನೇ ಹಂತ ಹಂತವಾಗಿ ಮಾಡುವ ಎಐ ಏಜೆಂಟ್ ಎಂಬ ಪ್ರೋಗ್ರಾಂ ಒಂದರ ಮೂಲಕ ಕಂಪ್ಯೂಟರಿನಲ್ಲೂ ಇಡುತ್ತಿದ್ದೇನೆ. ಏಜೆಂಟಿಗೆ ತಾನಾಗಿ ಫೈಲ್ ಬರೆಯಲು ಬರುವುದಿಲ್ಲ, ಅದಕ್ಕೊಂದು ಟೂಲ್, ಅಂದರೆ ಆ ಕೆಲಸ ಮಾಡಿಕೊಡುವ ಚಿಕ್ಕ ಪ್ರೋಗ್ರಾಂ, ಜೋಡಿಸಬೇಕು. ನಾನು ಜೋಡಿಸಿದ್ದು ಉಚಿತವಾಗಿ ಸಿಗುವ ಚಿಕ್ಕದೊಂದು ಟೂಲ್. ಹೇಳಿದ್ದನ್ನು ಹೇಳಿದ ಜಾಗದಲ್ಲಿ ತಕ್ಷಣ ಬರೆಯುತ್ತದೆ, ಆ ಬಗ್ಗೆ ತಕರಾರಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಅದರ ಜೊತೆಗೆ ಬರುವ ವಿವರಣೆಯ ಬಗ್ಗೆ.

ಇಂಥ ಟೂಲ್‌ಗೆ ಎರಡು ಬಗೆಯ ಬರಹ ಇರುತ್ತದೆ. ಒಂದು, ಜೋಡಿಸುವ ಮನುಷ್ಯನಿಗಾಗಿ ಬರೆದ ಕೈಪಿಡಿ. ಇನ್ನೊಂದು, ಟೂಲ್‌ನ ಹೆಸರಿನ ಜೊತೆಗೇ ಏಜೆಂಟಿಗೆ ತಲುಪುವ ನಾಲ್ಕಾರು ಸಾಲಿನ ವಿವರಣೆ. ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ (ಏಜೆಂಟಿಗೆ ಟೂಲ್ ಜೋಡಿಸುವ ನಿಯಮಗಳ ಕಟ್ಟು) ಪ್ರಕಾರ ಪ್ರತಿ ಟೂಲ್ ತನ್ನ ಹೆಸರು, ತನ್ನ ಕೆಲಸದ ವಿವರಣೆ ಮತ್ತು ತನಗೆ ಬೇಕಾದ ಪ್ಯಾರಾಮೀಟರ್‌ಗಳ (ಫೈಲಿನ ಹೆಸರಿನಂಥ ವಿವರಗಳ) ಪಟ್ಟಿಯನ್ನು ಏಜೆಂಟಿಗೆ ಒಪ್ಪಿಸುತ್ತದೆ. ಏಜೆಂಟ್ ಸಾಮಾನ್ಯವಾಗಿ ಓದುವುದು ಇಷ್ಟನ್ನೇ. ಕೈಪಿಡಿ ಎಷ್ಟೇ ಚೆನ್ನಾಗಿರಲಿ, ಯಾರಾದರೂ ಅದರ ಮುಂದಿಡದೆ ಅದು ಕೈಪಿಡಿಯನ್ನು ನೋಡುವುದಿಲ್ಲ.

ಈ ಟೂಲ್‌ನ ಕೈಪಿಡಿ ನಿಜಕ್ಕೂ ಚೆನ್ನಾಗಿದೆ. ‘ಈಗಾಗಲೇ ಇರುವ ಫೈಲಿನ ಹೆಸರು ಕೊಟ್ಟರೆ ಹಳೆಯದೆಲ್ಲ ಅಳಿಸಿಹೋಗುತ್ತದೆ’ ಎಂಬ ಎಚ್ಚರಿಕೆಯೂ ಅದರ ನಾಲ್ಕನೆಯ ಭಾಗದಲ್ಲಿದೆ. ಆದರೆ ಏಜೆಂಟಿಗೆ ಕೊಟ್ಟಿರುವ ವಿವರಣೆಯಲ್ಲಿ ಇರುವುದು ‘ಕೊಟ್ಟ ಪಠ್ಯವನ್ನು ಫೈಲಿಗೆ ಬರೆಯುತ್ತದೆ’ ಎಂಬ ಅರ್ಥದ ಒಂದೇ ಸಾಲು.

ಅದರ ಫಲ ಜುಲೈ 17ರ ಬೆಳಿಗ್ಗೆ ಸಿಕ್ಕಿತು. ನಮ್ಮಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್‌ಗಳಲ್ಲೇ ಹೇಳುವುದು, ನೂರು ಸೆಂಟಿಗೆ ಒಂದು ಇಂಚು. ‘ಇಂದು 3 ಇಂಚು 20 ಸೆಂಟ್, ಮಳೆ ಫೈಲಿಗೆ ಸೇರಿಸು’ ಎಂದೆ. ಅದುವರೆಗೆ ಏಜೆಂಟ್ ಮೊದಲು ಫೈಲನ್ನು ಓದಿ, ಹೊಸ ಸಾಲು ಸೇರಿಸಿ, ಇಡೀ ಫೈಲನ್ನು ಮತ್ತೆ ಬರೆಯುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಕರೆಂಟ್ ಹೋಗಿ ಏಜೆಂಟನ್ನು ಹೊಸದಾಗಿ ಆರಂಭಿಸಿದ್ದರಿಂದ ಆ ದಿನ ಓದುವ ಹಂತವನ್ನು ಬಿಟ್ಟು ನೇರವಾಗಿ ಬರೆಯಿತು. ‘ಯಶಸ್ವಿಯಾಗಿ ಬರೆಯಲಾಗಿದೆ’ ಎಂಬ ಉತ್ತರವೂ ಬಂತು. ತೆರೆದು ನೋಡಿದರೆ 46 ದಿನಗಳ ಸಾಲುಗಳಿದ್ದ ಫೈಲಿನಲ್ಲಿ ಉಳಿದಿದ್ದು ಆ ದಿನದ ಒಂದೇ ಸಾಲು. ಪುಸ್ತಕ ಇದ್ದುದರಿಂದ ಲೆಕ್ಕ ಉಳಿಯಿತು, ಅರ್ಧ ದಿನ ಮಾತ್ರ ಹೋಯಿತು.

ತಪ್ಪು ಏಜೆಂಟಿನದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಬರೆ’ ಎಂದರೆ ‘ಮುಂದಕ್ಕೆ ಬರೆ’ ಎಂದೂ ಆಗುತ್ತದೆ, ‘ಅಳಿಸಿ ಬರೆ’ ಎಂದೂ ಆಗುತ್ತದೆ. ಹೇಳದೆ ಬಿಟ್ಟರೆ ಓದುವವನು ಊಹಿಸಲೇಬೇಕು. ಅದೇ ಪ್ರೊಟೊಕಾಲ್‌ಗಾಗಿ ಮಾದರಿಯೆಂದು ಪ್ರಕಟವಾಗಿರುವ ಫೈಲ್‌ಸಿಸ್ಟಂ ಸರ್ವರ್ ಎಂಬ ಟೂಲ್‌ಗಳ ಕಟ್ಟಿನಲ್ಲಿ ಇದೇ ಕೆಲಸದ ಟೂಲ್ ಇದೆ. ಹೊಸ ಫೈಲ್ ಮಾಡುತ್ತದೆ ಅಥವಾ ಇದ್ದದ್ದನ್ನು ಪೂರ್ತಿಯಾಗಿ ಮೇಲೆ ಬರೆದು ಅಳಿಸುತ್ತದೆ, ಮುನ್ಸೂಚನೆ ಕೊಡುವುದಿಲ್ಲ, ಜೋಪಾನವಾಗಿ ಬಳಸಬೇಕು ಎಂದು ಅದರ ವಿವರಣೆಯಲ್ಲೇ ಹೇಳಲಾಗಿದೆ. ವಿವರಣೆ ಉದ್ದವಾದಷ್ಟೂ ಏಜೆಂಟಿನ ಮೇಲೆ ಹೊರೆ ಹೆಚ್ಚುತ್ತದೆ ಎಂಬ ವಾದ ಸರಿಯೇ, ಆದರೆ ಇಷ್ಟನ್ನು ಹೇಳಲು ಎರಡು ವಾಕ್ಯ ಸಾಕು.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. 2025ರ ಮಾರ್ಚ್‌ನ ಪರಿಷ್ಕರಣೆಯ ನಂತರ, ಟೂಲ್ ಇರುವುದನ್ನು ಹಾಳುಮಾಡಬಲ್ಲದೇ ಎಂಬುದನ್ನು ಸೂಚಿಸಲು ಪ್ರೊಟೊಕಾಲ್‌ನಲ್ಲೇ ಒಂದು ಗುರುತು ಇದೆ. ಏನನ್ನೂ ನಮೂದಿಸದಿದ್ದರೆ ‘ಹೌದು’ ಎಂದೇ ಭಾವಿಸಬೇಕೆಂಬುದು ನಿಯಮ. ಅದು ಬರೀ ಸೂಚನೆ, ಭರವಸೆಯಲ್ಲ ಎಂಬುದೂ ನಿಜ. ಈ ಟೂಲ್ ಮಾಡಿದವರು ಸುಮ್ಮನಿದ್ದರೂ ಸಾಕಿತ್ತು, ಅಲ್ಲಿ ‘ಇಲ್ಲ’ ಎಂದು ಬರೆದಿಟ್ಟಿದ್ದಾರೆ. ಏಜೆಂಟನ್ನು ನಡೆಸುವ ನನ್ನ ಪ್ರೋಗ್ರಾಂ ಅದನ್ನು ನಂಬಿ, ಬರೆಯುವ ಮೊದಲು ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ತೊಡಕುಗಳಿವೆ. ಫೈಲ್ ಯುಟಿಎಫ್-8ರಲ್ಲಿ (ಎಲ್ಲ ಲಿಪಿಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮ) ಇರುತ್ತದೆ ಎಂದು ವಿವರಣೆ ಹೇಳುವುದಿಲ್ಲ. ಅದು ಯುಟಿಎಫ್-8 ಎಂದು ಎಕ್ಸೆಲ್‌ಗೆ ತಿಳಿಸುವ, ಫೈಲಿನ ತಲೆಯಲ್ಲಿ ಇರಬೇಕಾದ ಬಿಓಎಂ ಎಂಬ 3 ಬೈಟ್‌ಗಳ (ಬೈಟ್ ಎಂದರೆ ಕಂಪ್ಯೂಟರಿನ ಸಂಗ್ರಹದ ಅಳತೆ) ಗುರುತು ಇರುವುದಿಲ್ಲ ಎಂಬುದನ್ನೂ ಹೇಳುವುದಿಲ್ಲ. ಹಾಗಾಗಿ ನಮ್ಮ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ) ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ‘ಮಳೆ’ ಎಂಬ ತಲೆಬರಹ ಇರಬೇಕಾದ ಜಾಗದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳೂ ಪುಟ್ಟ 2, 3 ಅಂಕಿಗಳೂ ಕುಳಿತಿದ್ದವು. ಎರಡನೆಯದು ಮಿತಿಯ ವಿಷಯ. ಒಮ್ಮೆಗೆ 10,000 ಎಂದಷ್ಟೇ ಬರೆದಿದ್ದಾರೆ, ಅಕ್ಷರವೋ ಬೈಟೋ ತಿಳಿಯದು. ಇಂಗ್ಲಿಷಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಮಳೆ’ಯಲ್ಲಿ ಮ, ಳ ಮತ್ತು ಎತ್ವ ಸೇರಿ 9 ಬೈಟ್. ಪ್ರಯೋಗ ಮಾಡಿ ನೋಡಿದಾಗ ಅದು ಬೈಟ್‌ಗಳ ಮಿತಿಯೆಂದು ಗೊತ್ತಾಯಿತು.

ಮೆಚ್ಚಬೇಕಾದದ್ದೂ ಇದೆ. ಯಾವ ಫೋಲ್ಡರಿನಾಚೆ ಬರೆಯಲಾಗದು, ಫೋಲ್ಡರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಪ್ಯಾರಾಮೀಟರ್‌ನ ಪಕ್ಕದಲ್ಲೇ ಉದಾಹರಣೆಯೊಡನೆ ಇದೆ, ದೋಷದ ಸಂದೇಶಗಳೂ ಸ್ಪಷ್ಟವಾಗಿವೆ. ಇಷ್ಟು ಬಲ್ಲವರು ಅಳಿಸುವ ಮಾತನ್ನು ಏಕೆ ನುಂಗಿದರೋ!

ನಮ್ಮ ಮಳೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಹಿಂದಿನ ರೈಟರ್ ಒಬ್ಬರು ಮಸಿಯಲ್ಲಿ ಬರೆದಿಟ್ಟ ಸೂಚನೆ ಹೀಗಿದೆ: ‘ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯುವುದು. ಉಜ್ಜಿ ಅಳಿಸಬಾರದು. ಪುಟ ಹರಿಯಬಾರದು.’ ಪುಸ್ತಕ ತೆರೆದವನ ಕಣ್ಣಿಗೆ ಮೊದಲು ಬೀಳುವುದೇ ಅದು.

ವಿವರಣೆಗೆ ನಾನು ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಕೈಪಿಡಿಗೆ ನಾಲ್ಕು. ಟೂಲನ್ನು ಇನ್ನೂ ಬಿಟ್ಟಿಲ್ಲ. ‘ಇರುವ ಫೈಲನ್ನು ಓದದೆ ಬರೆಯಬೇಡ’ ಎಂದು ಏಜೆಂಟಿನ ಸೂಚನೆಗಳಲ್ಲಿ ನಾನೇ ಸೇರಿಸಿದ್ದೇನೆ, ತಿಂಗಳಿಗೊಂದು ಹೊಸ ಫೈಲ್ ಮಾಡಿಸುತ್ತೇನೆ, ಸಂಜೆ ಪೆನ್‌ಡ್ರೈವ್‌ಗೆ ಒಂದು ಪ್ರತಿ ತೆಗೆಯುತ್ತೇನೆ. ಚೆಕ್‌ರೋಲ್ ಅನ್ನೂ ಹೀಗೇ ಮಾಡೋಣವೇ ಎಂದು ತೋಟದ ಯಜಮಾನರು ಕೇಳಿದ್ದಾರೆ. ಆ ವಿವರಣೆ ತಿದ್ದಿ ಬರುವವರೆಗೆ ಬೇಡ ಎಂದಿದ್ದೇನೆ.